ನನ್ನ ನೋಂಬು ಮತ್ತು ನಾಲ್ಕು ಗುಟುಕು ನೀರು

ನಾವು ಬ್ಯಾರಿಗಳು ಉಪವಾಸಕ್ಕೆ ನೋಂಬು ಎನ್ನುತ್ತೇವೆ. ಇಸ್ಲಾಮೀ ವರ್ಷದ 9ನೇ ತಿಂಗಳಾದ ರಂಜಾನ್‌ನಲ್ಲಿ 29 ಅಥವಾ 30 ದಿನ ನೋಂಬು ಹಿಡಿಯುತ್ತಾರೆ. ಬೆಳಗಿನ ಬಾಂಗಿನಿಂದ ಸೂರ್ಯ ಮುಳುಗುವವರೆಗೆ ಅನ್ನ ನೀರು ಏನೂ ಇಲ್ಲ. ಸುಳ್ಳು, ಬೈಗುಳ, ಜಗಳವನ್ನೂ ಬಿಡಬೇಕು. ಚಿಕ್ಕ ಮಕ್ಕಳಿಗೆ, ರೋಗಿಗಳಿಗೆ, ಪ್ರಯಾಣಿಕರಿಗೆ ವಿನಾಯಿತಿ ಉಂಟು.

2025ರಲ್ಲಿ ರಂಜಾನ್ ಮಾರ್ಚ್ ತಿಂಗಳಲ್ಲಿ ಬಂತು. ನಮ್ಮ ಬಂಟ್ವಾಳದ ಸೆಕೆ ನಿಮಗೆ ಗೊತ್ತೇ ಉಂಟು. ಒಂದು ದಿನ ಕಬಡ್ಡಿ ಆಡಿ ಗಂಟಲು ಒಣಗಿತು. ನಳ್ಳಿಯಲ್ಲಿ ಮುಖ ತೊಳೆಯುವಾಗ ಯಾರೂ ಇಲ್ಲವೆಂದು ನೋಡಿ ನಾಲ್ಕು ಗುಟುಕು ನೀರು ಕುಡಿದೆ.

ಸಂಜೆ ಬಾಂಗ್ ಆಯಿತು. ಉಮ್ಮ ಮೊದಲ ಖರ್ಜೂರವನ್ನು ನನಗೇ ಕೊಟ್ಟು, “ಇಷ್ಟು ಸೆಕೆಗೂ ನನ್ನ ಮಗ ನೋಂಬು ಬಿಡಲಿಲ್ಲ” ಅಂದರು. ಖರ್ಜೂರ ಗಂಟಲಲ್ಲಿ ಇಳಿಯಲೇ ಇಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಉಮ್ಮ ಬೈಯಲಿಲ್ಲ. “ಮರೆತು ಕುಡಿದರೆ ನೋಂಬು ಮುರಿಯುವುದಿಲ್ಲ. ನೀನು ಗೊತ್ತಿದ್ದೇ ಕುಡಿದದ್ದು. ಅಲ್ಲಾಹನಲ್ಲಿ ಕ್ಷಮೆ ಕೇಳು. ಹಬ್ಬ ಕಳೆದ ಮೇಲೆ ಅದರ ಬದಲು ಒಂದು ದಿನ ಹಿಡಿ” ಅಂದರು.

ಜೂನ್‌ನಲ್ಲಿ ಶಾಲೆ ಸುರುವಾದ ಮೇಲೆ ಹಿಡಿದೆ. ನೀವೆಲ್ಲ ಬಿಸಿಯೂಟ ಮಾಡುವಾಗ ನಾನು ಹೊರಗೆ ಕೂತಿದ್ದೆ. ನನ್ನ ಗೆಳೆಯನೊಬ್ಬ ಬಂದು ಹತ್ತಿರ ಕೂತ. ಮೂಡುಬಿದಿರೆಯಲ್ಲಿರುವ ಅವನ ಅಜ್ಜಿ ಜೈನರು. ಅವರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರಂತೆ. ನಮಗೆ ಮುಳುಗಿದ ಮೇಲೆ. ಹೊತ್ತು ಬೇರೆ, ಆಸೆಯನ್ನು ತಡೆಯುವುದು ಒಂದೇ.

ಆಮೇಲೆ ಅದೇ ನಳ್ಳಿಗೆ ಹೋದೆ. ಆ ದಿನವೂ ಅಲ್ಲಿ ಯಾರೂ ಇರಲಿಲ್ಲ. ಬಾಯಿ ಮುಕ್ಕಳಿಸಿ, ನೀರು ಉಗುಳಿ ಬಂದೆ.

— 7ನೇ ತರಗತಿಯ ಒಬ್ಬ ವಿದ್ಯಾರ್ಥಿ