ಹೊರೆ ಹೊತ್ತವರ ದಾರಿ

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿ ಎಂಬ ಊರಿದೆ. ಕರ್ನೂಲು ಜಿಲ್ಲೆಯ ನೈಋತ್ಯ ಮೂಲೆಯ ಆ ಊರಿನ ಸಮೀಪದ ಬಂಡೆಗಳ ಮೇಲೆ ಅಶೋಕನ 14 ಬೃಹತ್ ಶಿಲಾಶಾಸನಗಳೂ ಕಿರುಶಾಸನಗಳೂ ಇವೆ. ಚರಿತ್ರೆಯ ವಿದ್ಯಾರ್ಥಿಗಳು ಅಲ್ಲಿ ಲಿಪಿಯನ್ನು ನೋಡುತ್ತಾರೆ, ಧರ್ಮವನ್ನು ನೋಡುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗೆ ಅಲ್ಲಿ ಕಾಣಬೇಕಾದದ್ದು ಇನ್ನೊಂದಿದೆ. ಕಿರುಶಾಸನದಲ್ಲಿ ದೊರೆ ತನ್ನ ಮಾತನ್ನು ಬಂಡೆಯ ಮೇಲೆ ಕೆತ್ತಿಸಿ ಕೈತೊಳೆದುಕೊಂಡಿಲ್ಲ. ರಜ್ಜುಕನೆಂಬ ಅಧಿಕಾರಿ ಭೇರಿ ಬಾರಿಸಿ ನಾಡಿನ ಜನಕ್ಕೆ ಅದನ್ನು ತಿಳಿಸಬೇಕೆಂದು ವಿಧಿಸಿದ್ದಾನೆ. ಆನೆಯೇರುವವರು, ಕರಣಿಕರು, ಕುದುರೆ ಪಳಗಿಸುವವರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಅದನ್ನೇ ಬೋಧಿಸಬೇಕೆಂದಿದ್ದಾನೆ. ಬರೆಹವೆಂಬುದು ಕಲ್ಲಾಗಿ ನಿಂತಲ್ಲೇ ನಿಲ್ಲುತ್ತದೆ, ಜನ ತಾವಾಗಿ ಬಂದು ಓದುವುದಿಲ್ಲ ಎಂಬ ಸತ್ಯ ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿಗೆ ತಿಳಿದಿತ್ತು. ಇಂದಿನ ಎಷ್ಟೋ ಗ್ರಂಥಕರ್ತರಿಗೆ ಅದು ತಿಳಿಯುವುದು ಅಟ್ಟದ ಮೇಲೆ ಐನೂರು ಪ್ರತಿಗಳಿಗೆ ಗೆದ್ದಲು ಹಿಡಿದ ಮೇಲೆ.

ಇದೇ ಸೀಮೆಯ ಇನ್ನೊಂದು ಊರು ಚಿಪ್ಪಗಿರಿ. ಮೊದಲು ಆಲೂರು ತಾಲ್ಲೂಕಿಗೆ ಸೇರಿದ್ದ ಈ ಊರಿನಲ್ಲಿ ವಿಜಯದಾಸರು 1755ರಲ್ಲಿ ದೇಹವಿಟ್ಟರು; ಅವರ ಕಟ್ಟೆಗೆ ಇಂದಿಗೂ ಜನ ಬರುತ್ತಾರೆ. ದಾಸರ ಸಾಹಿತ್ಯ ಹರಡಿದ ಬಗೆಯನ್ನು ನೆನೆದರೆ ಮುದ್ರಣದ ಅಭಿಮಾನ ಸ್ವಲ್ಪ ಇಳಿಯುತ್ತದೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಲ್ಲಿ ಗೋಪಾಳಬುಟ್ಟಿ, ಮನೆಯಿಂದ ಮನೆಗೆ ನಡಿಗೆ. ಹಾಡಿನ ಕೊನೆಯ ನುಡಿಯಲ್ಲಿ ‘ವಿಜಯವಿಠಲ’ ಎಂಬ ಅಂಕಿತ. ಹಾಡು ಯಾರದೆಂದು ಕೇಳುವ ಪ್ರಮೇಯವೇ ಇಲ್ಲ. ಹಾಡಿದವಳ ಬಾಯಲ್ಲೇ ಕರ್ತೃವಿನ ಗುರುತು ಉಳಿಯುತ್ತದೆ. ಪರಿಣಾಮವಾಗಿ, ಕನ್ನಡ ಅಕ್ಷರವನ್ನೇ ಕಾಣದ ತೆಲುಗು ಮನೆಗಳಲ್ಲಿಯೂ ಕನ್ನಡದ ದೇವರನಾಮಗಳು ತೆಲುಗು ಲಿಪಿಯಲ್ಲಿ ಬರೆದ ಹಾಡಿನ ಪುಸ್ತಕಗಳೊಳಗೆ ಸುಖವಾಗಿ ಬಾಳುತ್ತಿವೆ. ಈ ಲಿಪಿಯ ವಿಚಾರಕ್ಕೆ ಮುಂದೆ ಬರಬೇಕಾದೀತು.

ಆದರೆ ಬರೆದದ್ದನ್ನು ಓದುಗರ ಬಾಗಿಲಿಗೆ ಒಯ್ಯುವ ಕೆಲಸದಲ್ಲಿ ಕನ್ನಡಕ್ಕೆ ಗುರುಸ್ಥಾನದಲ್ಲಿ ನಿಲ್ಲುವವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಪರೀಕ್ಷೆಗೆ ಓದುವವರು ‘ಕನ್ನಡ ಕಾದಂಬರಿಯ ಪಿತಾಮಹ’ ಎಂಬ ಬಿರುದನ್ನು ಬರೆದು, ‘ಮಾಧವ ಕರುಣಾ ವಿಲಾಸ’ದ ಹೆಸರನ್ನು ಸೇರಿಸಿ, ಎರಡು ಅಂಕ ಪಡೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಸಂಗತಿ ಪಠ್ಯದಲ್ಲಿ ಒಂದು ಸಾಲಾಗಿ ಬರುತ್ತದೆ. ಆ ಸಾಲನ್ನು ಓದಿ ಕರುಣೆ ತೋರುವುದು ವಾಡಿಕೆ. ಪಾಪ, ಎಂಥ ಬಡತನ, ಎಂಥ ಕಾಲ ಎಂದು. ಈ ಕರುಣೆ ಅಷ್ಟು ಸರಿಯಾದುದಲ್ಲ. ಅದರಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ.

ಅವರಿದ್ದ ಸನ್ನಿವೇಶವನ್ನು ನೋಡಬೇಕು. ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 19ನೆಯ ಶತಮಾನದ ಮಧ್ಯಭಾಗದವರೆಗೆ ಅಲ್ಲಿ ಶಾಲೆಯೆಂದರೆ ಬಹುಮಟ್ಟಿಗೆ ಮರಾಠಿ ಶಾಲೆ. ಡೆಪ್ಯೂಟಿ ಚನ್ನಬಸಪ್ಪನವರಂಥವರು ಹೆಣಗಿ ಕನ್ನಡ ಶಾಲೆಗಳನ್ನು ತೆರೆಸಿದ ಮೇಲೂ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಮೇಲೂ, ಓದುವ ರುಚಿ ಮರಾಠಿಯದಾಗಿಯೇ ಇತ್ತು. ಮನೆಯಲ್ಲಿ ಅಡಿಗೆಮನೆಯ ಮಾತು ಕನ್ನಡ. ಪಡಸಾಲೆಯಲ್ಲಿ ಕುಳಿತು ಓದುವುದು ‘ಕೇಸರಿ’. 1881ರಲ್ಲಿ ಶುರುವಾದ ಆ ಪತ್ರಿಕೆಯನ್ನು ಒಬ್ಬರು ಓದಿದರೆ ಹತ್ತು ಜನ ಕುಳಿತು ಕೇಳುತ್ತಿದ್ದರು. ಕಾದಂಬರಿ ಬೇಕೆನಿಸಿದರೆ ಹರಿ ನಾರಾಯಣ ಆಪಟೆಯವರ ‘ಕರಮಣೂಕ’ ವಾರಪತ್ರಿಕೆ ಇತ್ತು; 1890ರಿಂದ ಅದರಲ್ಲಿ ಕಂತುಕಂತಾಗಿ ಕತೆ ಬರುತ್ತಿತ್ತು. ಇಂಥ ಮನೆಯ ಬಾಗಿಲಲ್ಲಿ ಕನ್ನಡ ಪುಸ್ತಕ ಹಿಡಿದು ನಿಲ್ಲುವವನ ಎದುರಿಗಿರುವ ತೊಡಕು ಅನಕ್ಷರತೆ ಒಂದೇ ಅಲ್ಲ. ಅಕ್ಷರ ಬಲ್ಲವರು, ಓದುವ ಹಸಿವಿರುವವರು, ಕನ್ನಡವನ್ನೇ ಆಡುವವರು ಕನ್ನಡವನ್ನು ಓದುವ ಭಾಷೆಯೆಂದು ಎಣಿಸುವುದಿಲ್ಲ. ಇದು ಅಂಚೆಯಿಂದ ಬಗೆಹರಿಯುವ ತೊಡಕಲ್ಲ. ‘ಕನ್ನಡದಾಗ ಓದೂದ ಏನೈತಿ?’ ಎಂದು ಕೇಳಿದವರ ಎದುರಿಗೆ ಗಂಟು ಬಿಚ್ಚಿ ಒಂದು ಪುಸ್ತಕ ತೆಗೆದು ಎರಡು ಪುಟ ಓದಿ ತೋರಿಸಬೇಕಾಗುತ್ತದೆ. ಗಳಗನಾಥರು ಮೊದಲು ಶಾಲಾಮಾಸ್ತರರು. ಓದಿ ತೋರಿಸುವುದು ಅವರ ಕಸುಬು.

ಅವರು ಆಪಟೆಯವರ ಕಾದಂಬರಿಗಳನ್ನೇ ಕನ್ನಡಿಸಿದ್ದರ ಹಿಂದೆಯೂ ಈ ಚತುರತೆ ಇದ್ದಿರಬೇಕು. ಮರಾಠಿಯಲ್ಲಿ ಮೆಚ್ಚಿದ್ದನ್ನೇ ಕನ್ನಡದಲ್ಲಿ ಕೊಟ್ಟರೆ, ಭಾಷೆ ಬದಲಾದದ್ದು ಓದುಗನ ಗಮನಕ್ಕೆ ಬರುವ ಮೊದಲೇ ಕತೆ ಅವನನ್ನು ಹಿಡಿದಿರುತ್ತದೆ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯೂ ಇದೇ ಜಾಡಿನದು: ಧರ್ಮದ ಮಾತಿನ ಜೊತೆಗೆ ಕತೆ, ಮಠದ ಗೌರವದ ಜೊತೆಗೆ ಮುಂದಿನ ತಿಂಗಳಿನ ಕುತೂಹಲ. ಆಮೇಲೆ ‘ಮಾಧವ ಕರುಣಾ ವಿಲಾಸ’ದಲ್ಲಿ ಅವರು ವಿಜಯನಗರದ ಸ್ಥಾಪನೆಯ ಕತೆಗೆ ಕೈಹಾಕಿದರು, ಆ ಹೊತ್ತಿಗೆ ಓದುಗ ಮರಾಠರ ಕೋಟೆಗಳಿಂದ ತನ್ನ ಹೊಳೆದಂಡೆಗೆ ಬರಲು ಸಿದ್ಧನಾಗಿದ್ದ. ಹೊರೆ ಹೊತ್ತು ಅಲೆದವನಿಗೆ ಓದುಗ ಎಲ್ಲಿ ನಿಂತಿದ್ದಾನೆಂಬುದು ಗೊತ್ತಿರುತ್ತದೆ. ಗ್ರಂಥಾಲಯದಲ್ಲಿ ಕುಳಿತವನಿಗೆ ಗೊತ್ತಿರುವುದಿಲ್ಲ. ಆದುದರಿಂದಲೇ ಆ ಕರುಣೆ ಸರಿಯಲ್ಲ ಎಂದದ್ದು. ತಿರುಗಾಟ ಅವರ ಬರವಣಿಗೆಗೆ ಒದಗಿದ ಕಷ್ಟವೂ ಹೌದು, ಅದರ ಶಿಕ್ಷಣವೂ ಹೌದು. (ಮೈಸೂರು ಸೀಮೆಯಲ್ಲಿ ಜಿ. ಪಿ. ರಾಜರತ್ನಂ ಅವರೂ ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು. ಅವರ ಕತೆ ಬೇರೆಯೇ ಒಂದು ಲೇಖನ ಬೇಡುತ್ತದೆ.)

ಗಳಗನಾಥವೆಂಬ ಊರು ವರದಾ ನದಿ ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿದೆ. ಅಲ್ಲಿಂದ ಹರಿದ ನೀರು ಹಂಪೆಯನ್ನು ದಾಟಿ, ಸಿರುಗುಪ್ಪದ ಮಗ್ಗುಲಿಂದ ಬಂದು, ಕೌತಾಳ, ಕೋಸಿಗಿ, ಮಂತ್ರಾಲಯಗಳ ಸೀಮೆಯನ್ನು ಮುಟ್ಟುತ್ತದೆ. ನೀರು ಬಂದಿದೆ, ಗಳಗನಾಥರ ತೊಡಕೂ ಅದರೊಂದಿಗೆ ತೇಲಿ ಬಂದಂತಿದೆ, ಮರಾಠಿಯ ಸ್ಥಾನದಲ್ಲಿ ತೆಲುಗು ಕುಳಿತಿದೆ, ಅಷ್ಟೆ.

ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಅಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಹೋಯಿತು, ಈ ಮೂರು ಆಂಧ್ರದಲ್ಲಿ ಉಳಿದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ. ಗಡಿ ಎಳೆದವರನ್ನು ಬೈಯುವುದರಿಂದ ಈಗ ಪ್ರಯೋಜನವಿಲ್ಲ; ಎರಡು ಭಾಷೆಗಳು ಒಂದೇ ಬೀದಿಯಲ್ಲಿ, ಹಲವೆಡೆ ಒಂದೇ ಮನೆಯಲ್ಲಿ ಬಾಳುವಲ್ಲಿ ಎಲ್ಲಿ ಗೆರೆ ಎಳೆದರೂ ಅದು ಯಾರದೋ ಅಂಗಳದ ನಡುವೆಯೇ ಹೋಗುತ್ತದೆ. ಈ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಆದರೆ ಅಂಗಡಿಯ ಫಲಕ, ಬಸ್ಸಿನ ಹೆಸರು, ಪಹಣಿ, ಪಡಿತರ ಚೀಟಿ ಎಲ್ಲವೂ ತೆಲುಗಿನಲ್ಲಿರುವಾಗ ಓದುವ ಕಣ್ಣು ತೆಲುಗಿನದಾಗುವುದು ಸಹಜ.

ಇಲ್ಲಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅವಳು ರಜೆಯಲ್ಲಿ ಅಜ್ಜಿಯ ಬಾಯಿಂದ ಬೀಸುವ ಹಾಡುಗಳನ್ನೂ, ಊರ ಹೊಲಗಳ ಹೆಸರುಗಳನ್ನೂ, ಬಾವಿಗಳ ಕತೆಗಳನ್ನೂ ಬರೆದುಕೊಂಡು ಮೂವತ್ತೆರಡು ಪುಟದ ಒಂದು ಪುಸ್ತಕ ಅಚ್ಚು ಹಾಕಿಸುತ್ತಾಳೆ. ಪುಸ್ತಕ ಮನೆಗೆ ಬರುತ್ತದೆ. ಅಜ್ಜಿಗೆ ಅಕ್ಷರ ಬಾರದು. ತಾಯಿ ಓದಿದ್ದು ತೆಲುಗು. ‘ಏನವ್ವ ಇದು, ಮದುವಿ ಪತ್ರನಾ?’ ಎಂದು ನೆರೆಯವರು ಕೇಳುತ್ತಾರೆ. ಪುಸ್ತಕ ಯಾರನ್ನು ಕುರಿತದ್ದೋ ಅವರಲ್ಲಿ ಯಾರೂ ಅದನ್ನು ಓದಲಾರರು. ಓದಬಲ್ಲ ಧಾರವಾಡದ, ಬೆಂಗಳೂರಿನ ವಿದ್ವಾಂಸರಿಗೆ ಆ ಬಾವಿಗಳು ಬೇಕಿಲ್ಲ.

ಇದು ಹೊಸ ದುರವಸ್ಥೆಯೂ ಅಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕರ್ನಲ್ ಮೆಕೆಂಜಿಯ ಜನ ಹಳ್ಳಿಹಳ್ಳಿಗೆ ಬಂದು ಕೈಫಿಯತ್ತುಗಳನ್ನು ಬರೆಸಿಕೊಂಡರು: ಊರು ಹೇಗೆ ಹುಟ್ಟಿತು, ಕೆರೆ ಯಾರು ಕಟ್ಟಿದರು, ಗುಡಿ ಯಾವ ಕಾಲದ್ದು. ತೆಲುಗು, ಕನ್ನಡ, ಮರಾಠಿ ಮೂರರಲ್ಲೂ ಇರುವ ಆ ಕಟ್ಟುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದವು. ಊರಿನ ಬಾಯಿಂದ ಹೊರಟ ಕತೆ ಊರಿಗೆ ಹಿಂದಿರುಗಲಿಲ್ಲ. ನಮ್ಮ ಕ್ಷೇತ್ರಕಾರ್ಯಗಳೂ ಹೆಚ್ಚಾಗಿ ಇದೇ ಹಾದಿ ಹಿಡಿಯುತ್ತವೆ. ಮದರಾಸಿನ ಬದಲು ವಿಶ್ವವಿದ್ಯಾಲಯದ ಕಪಾಟು.

ಹಾಗಾದರೆ ಆ ಹುಡುಗಿ ಗಂಟು ಹೊತ್ತು ಎಲ್ಲಿಗೆ ಹೋಗಬೇಕು? ಜನ ಕಾಯುತ್ತ ಕುಳಿತಿರುವ ಕಡೆಗೆ. ಹತ್ತಿಯ ಸುಗ್ಗಿಯಲ್ಲಿ ಆದವಾನಿಯ ಮಾರುಕಟ್ಟೆಯಲ್ಲಿ ರೈತರು ತಮ್ಮ ಸರಕಿನ ಸರದಿಗಾಗಿ ಕಾಯುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಕಾಯುತ್ತಾರೆ; ಬೀಸುವ ಹಾಡನ್ನು ಬೀಸುವ ಯಂತ್ರದ ಮುಂದೆ ಓದಿ ಹೇಳಿದರೆ ‘ಅಯ್ಯ, ಇದು ನಮ್ಮವ್ವ ಹೇಳ್ತಿದ್ದ ಹಾಡು’ ಎನ್ನುವವಳು ಒಬ್ಬಳಾದರೂ ಸಿಕ್ಕಾಳು; ಅವಳ ಬಳಿ ಪುಸ್ತಕದಲ್ಲಿಲ್ಲದ ನಾಲ್ಕು ನುಡಿಗಳೂ ಇದ್ದಾವು. ಶ್ರಾವಣದಲ್ಲಿ ಉರುಕುಂದಿ ಈರಣ್ಣನ ಜಾತ್ರೆಗೆ ತುಂಗಭದ್ರೆಯ ಎರಡೂ ದಂಡೆಯ ಜನ ನೆರೆಯುತ್ತಾರೆ. ಅದೇ ಮಾಸದಲ್ಲಿ ಮಂತ್ರಾಲಯದ ಆರಾಧನೆ. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ. ಅಲ್ಲಿ ಬಡಿಗೆಗಳು ಹಾರಾಡುವಾಗ ಪುಸ್ತಕ ಬಿಚ್ಚುವುದು ವಿವೇಕವಲ್ಲ, ಮರುದಿನ ಬಿಚ್ಚಬಹುದು. ಕರಪತ್ರದ ವಿಷಯದಲ್ಲಿ ನಾಟಕ ಕಂಪನಿಗಳೇ ಗುರುಗಳು. ಜಟಕಾದಲ್ಲಿ ಬ್ಯಾಂಡು ಬಾರಿಸುತ್ತ ಬಣ್ಣದ ಹಾಳೆ ಚೆಲ್ಲಿಕೊಂಡು ಹೋದವರು, ನಾಟಕದ ನೀತಿಯನ್ನು ಅದರಲ್ಲಿ ಅಚ್ಚು ಹಾಕಿಸುತ್ತಿರಲಿಲ್ಲ; ಯಾರು ಯಾವ ಪಾತ್ರ, ಯಾವ ಹೊತ್ತು, ಎಷ್ಟು ದರ, ಅಷ್ಟೆ. ಪುಸ್ತಕದ ಕರಪತ್ರದಲ್ಲಿಯೂ ‘ಜಾನಪದ ಸಂಪತ್ತಿನ ಸಂರಕ್ಷಣೆ’ ಎಂಬ ಮಾತು ಬೇಡ. ಹನ್ನೆರಡು ಬಾವಿಗಳ ಹೆಸರಿದ್ದರೆ ಸಾಕು. ತನ್ನ ಹೊಲದ ಹೆಸರನ್ನು ಅಚ್ಚಿನಲ್ಲಿ ಕಂಡವನು ತಾನಾಗಿ ಜೇಬಿಗೆ ಕೈಹಾಕುತ್ತಾನೆ. ಹತ್ತು ರೂಪಾಯಿಯಾದರೂ ಬೆಲೆ ಇಡುವುದು ಒಳ್ಳೆಯದು. ಪುಕ್ಕಟೆ ಕೊಟ್ಟ ಹಾಳೆ ಮಿರ್ಚಿ ಬಜ್ಜಿಯ ಕೆಳಗೆ ಹೋಗುತ್ತದೆ.

ಇನ್ನು ಲಿಪಿಯ ಮಾತು, ಇಲ್ಲಿ ಜಗಳವಿದೆ. ಆ ಪುಸ್ತಕದ ಎದುರುಪುಟದಲ್ಲಿ ಅದೇ ಕನ್ನಡ ಹಾಡನ್ನು ತೆಲುಗು ಅಕ್ಷರದಲ್ಲಿ ಅಚ್ಚು ಹಾಕಿಸಬಹುದೇ? ಬಹಳ ಮಂದಿ ಕನ್ನಡ ಪ್ರಾಧ್ಯಾಪಕರು ಹುಬ್ಬು ಗಂಟಿಕ್ಕುತ್ತಾರೆ. ಲಿಪಿಯನ್ನು ಬಿಟ್ಟರೆ ಭಾಷೆಯನ್ನೇ ಬಿಟ್ಟಂತೆ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ: ತೆಲುಗು ಅಕ್ಷರದಲ್ಲಿ ಸಲೀಸಾಗಿ ಓದಲು ಸಿಕ್ಕರೆ ಕನ್ನಡ ಅಕ್ಷರ ಕಲಿಯುವ ಆವಶ್ಯಕತೆಯೇ ತಪ್ಪುತ್ತದೆ, ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಲು ಇರುವ ಒಂದು ಕಾರಣವೂ ಕಳಚಿಹೋಗುತ್ತದೆ. ಆದರೆ ಚಿಪ್ಪಗಿರಿಯ ದಾಸರ ಹಾಡುಗಳು ತೆಲುಗು ಲಿಪಿಯೊಳಗೆ ಕನ್ನಡವಾಗಿಯೇ ಉಳಿದಿವೆ. ಅಲ್ಲದೆ, ಈ ಎರಡು ಲಿಪಿಗಳು ಒಂದೇ ತಾಯ ಮಕ್ಕಳು. ತಲೆಕಟ್ಟಿನ ವ್ಯತ್ಯಾಸ ತಿಳಿದುಕೊಂಡರೆ ಬಹುಪಾಲು ಅಕ್ಷರಗಳು ಪರಿಚಿತ ಮುಖ ತೋರಿಸುತ್ತವೆ. ಎದುರುಬದುರು ಪುಟಗಳಲ್ಲಿ ಒಂದೇ ಹಾಡು ಎರಡು ಲಿಪಿಯಲ್ಲಿದ್ದರೆ, ಬಾಯಿಗೆ ಬರುವ ಹಾಡನ್ನು ಹಿಡಿದುಕೊಂಡು ತಾಯಿಯ ಕಣ್ಣು ಆ ಪುಟದಿಂದ ಈ ಪುಟಕ್ಕೆ ದಾಟಬಹುದು. ದಾಟದೆಯೂ ಇರಬಹುದು. ಆಪಟೆಯವರ ಕತೆಯನ್ನು ಸೇತುವೆ ಮಾಡಿಕೊಂಡ ಗಳಗನಾಥರು ಈ ಸಂದಿಗ್ಧದಲ್ಲಿ ಎರಡು ಲಿಪಿಯ ಪುಸ್ತಕವನ್ನೇ ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದರೆಂದು ತೋರುತ್ತದೆ. ಹಾಗೆ ತೋರುವುದು ತಪ್ಪೂ ಇದ್ದೀತು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಎಲ್ಲರೂ ಓದಿರುತ್ತಾರೆ. ಸಾವಿರ ಓಲೆಗರಿ ಕಟ್ಟುಗಳೆಂದರೆ ಬಂಡಿಗಟ್ಟಲೆ ಭಾರ. ಅವುಗಳನ್ನು ಒಯ್ದವರು ಯಾರು, ಯಾವ ಬಸದಿಯ ಬಾಗಿಲಲ್ಲಿ ಇಳಿಸಿದರು, ‘ಏನ್ರಪ್ಪ ಇದು?’ ಎಂದು ಕೇಳಿದವರಿಗೆ ಏನು ಹೇಳಿದರು ಎಂಬುದನ್ನು ಯಾವ ಕವಿಯೂ ಬರೆದಿಲ್ಲ. ಕೌತಾಳದ ಬಸ್ಸಿನಲ್ಲಿ ತೊಡೆಯ ಮೇಲೆ ಗಂಟಿಟ್ಟುಕೊಂಡು ಕುಳಿತ ಹುಡುಗಿಗೆ ಆ ಉತ್ತರ ಈಗ ಬೇಕಾಗಿದೆ. ಕಂಡಕ್ಟರು ತೆಲುಗಿನಲ್ಲಿ ಗಂಟಿಗೂ ಟಿಕೆಟ್ಟು ತೆಗೆದುಕೊಳ್ಳಬೇಕೆನ್ನುತ್ತಾನೆ. ಅವಳು ಕಟ್ಟು ಸಡಿಲಿಸಿ ಮೇಲಿನ ಪ್ರತಿಯನ್ನು ಅವನ ಕೈಗೆ ಕೊಡುತ್ತಾಳೆ. ಅವನು ಪುಟ ತಿರುವುತ್ತಾನೆ, ತನ್ನ ಊರಿನ ಬಾವಿಯ ಹೆಸರಿದೆಯೇ ಎಂದು.