ಅಕ್ಕನ ತಟ್ಟೆಯಲ್ಲಿ ರೊಟ್ಟಿ ಇಲ್ಲ

ಸೋಮವಾರ, ಬೆಳಗಿನ ಆರು ಗಂಟೆ. ಬ್ಯಾಡಗಿಯ ಎಪಿಎಂಸಿ ಪ್ರಾಂಗಣದ ಗೋಡೆಗುಂಟ ಅಕ್ಕ ನಡೆಯುತ್ತಿದ್ದಾಳೆ, ಅವಳ ಜೊತೆ ನಾನು. ಸೋಮವಾರ, ಗುರುವಾರ ಇಲ್ಲಿ ಮೆಣಸಿನಕಾಯಿ ವಹಿವಾಟು ಜೋರು. ರಾತ್ರಿಯೆಲ್ಲ ಬಂದು ನಿಂತ ಲಾರಿಗಳಿಂದ ಹಮಾಲರು ಚೀಲ ಇಳಿಸುತ್ತಿದ್ದಾರೆ. ಬಾಯಿ ಬಿಚ್ಚಿದ ಒಂದು ಚೀಲದಿಂದ ಚೆಲ್ಲಿದ ಕಡ್ಡಿಕಾಯಿ, ಕಡುಗೆಂಪಾಗಿ ಸುಕ್ಕುಗಟ್ಟಿ ನೆಲದ ಮೇಲೆ ಬಿದ್ದಿದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆದರೂ ಇಷ್ಟೊಂದು ರಾಶಿ ಒಂದೆಡೆ ಸೇರಿದರೆ ಘಾಟು ಮೂಗು ಬಿಡುವುದಿಲ್ಲ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುತ್ತಾಳೆ. ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ.

"ಸಾಕೇನಕ್ಕಾ?"

"ಇನ್ನೊಂದ ಸುತ್ತ ಹಾಕೂಣು ತಮ್ಮಾ. ಡಾಕ್ಟರ್ ಅರ್ಧ ತಾಸು ಅಂದಾರ."

ಇನ್ನು ಎರಡು ವಾರಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳಿಗೆ ತೂಕ ಇಳಿಸುವ ಆಪರೇಷನ್. ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ, ಲ್ಯಾಪರೋಸ್ಕೋಪಿನಿಂದ ನೋಡುತ್ತ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಉದ್ದನೆಯ ಕಿರಿದಾದ ಒಂದು ನಳಿಗೆ. ಅದಕ್ಕೆ ಸ್ಲೀವ್ ಎನ್ನುತ್ತಾರೆ. ಆ ದಿನಕ್ಕೆ ದೇಹವನ್ನು ಸಜ್ಜುಗೊಳಿಸುವ ಪಥ್ಯ ಇವತ್ತಿನಿಂದ ಶುರು.

ಅಕ್ಕನ ತೂಕ 104 ಕಿಲೋ, ಎತ್ತರ 154 ಸೆಂಟಿಮೀಟರ್. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ 43.9. ಭಾರತೀಯರಿಗೆ ಇದು 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಬಿಎಂಐ 40 ಇದ್ದರೆ, ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆಯ ಜೊತೆ 35 ಇದ್ದರೆ ಆಪರೇಷನ್ ಎಂಬ ನಿಯಮ 1991ರಿಂದ ಮೂರು ದಶಕ ನಡೆದು ಬಂತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಬೇರೆ ಕಾಯಿಲೆ ಇರಲಿ ಬಿಡಲಿ 35 ಸಾಕು, ಏಷ್ಯಾದವರಿಗಾದರೆ 27.5ರಿಂದಲೇ ಯೋಚಿಸಬಹುದು ಎಂದವು. ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಇದೆ, ಮೊಣಕಾಲು ನೋವೂ ಇದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ಗಕ್ಕನೆ ಎದ್ದು ಕೂರುತ್ತಾಳೆ. ಪಥ್ಯ, ಮಾತ್ರೆ, ಕಷಾಯ ಎಲ್ಲವನ್ನೂ ವರ್ಷಗಟ್ಟಲೆ ಮಾಡಿ ನೋಡಿಯೇ ಇಲ್ಲಿಗೆ ಬಂದಿದ್ದಾಳೆ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಅಕ್ಕನ ಅತ್ತೆ ಒಲೆಯ ಮುಂದೆ ಕೂತಿದ್ದಾರೆ. ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿದೆ. ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಣ್ಣೆಯ ಬಟ್ಟಲು, ಎಣ್ಣೆ ತೇಲುವ ಬದನೆಕಾಯಿ ಪಲ್ಯ. ಗೋಡೆಗೆ ಡಯಟಿಷಿಯನ್ ಬರೆದುಕೊಟ್ಟ ಹಾಳೆ ಅಂಟಿಸಿದೆ. ಹದಿನಾಲ್ಕು ದಿನ, ದಿನಕ್ಕೆ 800ರಿಂದ 1000 ಕ್ಯಾಲರಿ, ಪ್ರೋಟೀನ್ 60 ಗ್ರಾಂ ಮೇಲೆ, ನೀರು ಎರಡು ಲೀಟರ್. ಅನ್ನ, ರೊಟ್ಟಿ, ಚಪಾತಿ, ಸಕ್ಕರೆ, ಬೆಲ್ಲ, ಕರಿದ ತಿಂಡಿಗಳಿಗೆಲ್ಲ ಗೆರೆ ಎಳೆದಿದೆ.

ಅಕ್ಕನ ತಟ್ಟೆ ನೋಡಿ. ಸಣ್ಣ ಬಟ್ಟಲಲ್ಲಿ ಮೊಳಕೆ ಬಂದ ಹೆಸರುಕಾಳು, ಮೇಲೆ ಲಿಂಬೆಹುಳಿ. ಒಂದು ಬಟ್ಟಲು ಮೆಂತ್ಯ ಪಲ್ಯ, ಒಗ್ಗರಣೆಗೆ ಒಂದು ಚಮಚೆ ಎಣ್ಣೆ. ನಾಲ್ಕು ತುಂಡು ಪನೀರ್. ಸೌತೆಕಾಯಿ. ಕೆನೆ ತೆಗೆದ ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ. ಮಧ್ಯಾಹ್ನವೂ ರಾತ್ರಿಯೂ ಹೆಚ್ಚುಕಡಿಮೆ ಇದೇ, ನಡುವೆ ತಿಳಿ ಮಜ್ಜಿಗೆ. ಶೇಂಗಾ ಹಿಂಡಿಯ ಡಬ್ಬಿಯತ್ತ ಅವಳ ಕೈ ತಾನಾಗಿ ಹೋಗಿ ಹಿಂದೆ ಬರುತ್ತದೆ. ಶೇಂಗಾದಲ್ಲಿ ಪ್ರೋಟೀನ್ ಇದೆ ನಿಜ, ಆದರೆ ಒಂದು ಹಿಡಿ ಶೇಂಗಾ ಎಂದರೆ 170 ಕ್ಯಾಲರಿ. ಅವಳ ಇಡೀ ದಿನದ ಪಾಲಿನ ಐದನೇ ಒಂದು ಭಾಗ.

"ಒಂದ ರೊಟ್ಟಿ ಹಾಕ್ಕೋ ಯವ್ವಾ, ಏನ ಆಕ್ಕೇತಿ?" ಅತ್ತೆಯವರ ದನಿಯಲ್ಲಿ ಕಳವಳ. "ಹೊಟ್ಟಿ ಕೊಯ್ಯೋರು, ಮೈಯಾಗ ತ್ರಾಣ ಬ್ಯಾಡೇನು?"

ಈ ಪ್ರಶ್ನೆ ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಏಳುತ್ತದೆ. ಆಪರೇಷನ್ ಅಂದರೆ ಮೊದಲು ಚೆನ್ನಾಗಿ ಉಣಿಸಿ ಗಟ್ಟಿ ಮಾಡಬೇಕು ಎಂಬುದು ನಮ್ಮ ತಿಳಿವಳಿಕೆ. ಇಲ್ಲಿ ಏಕೆ ತಿರುಗಾಮುರುಗಾ? ಉತ್ತರ ಲಿವರಿನಲ್ಲಿದೆ. ಲಿವರಿನ ಎಡಭಾಗ ಸರಿಯಾಗಿ ಜಠರದ ಮೇಲ್ತುದಿಯ ಮೇಲೆ ಒರಗಿರುತ್ತದೆ. ಸರ್ಜನ್ ಅದನ್ನು ಒಂದು ಸಲಾಕೆಯಿಂದ ಎತ್ತಿ ಹಿಡಿದರೆ ಮಾತ್ರ ಕೆಳಗಿನ ಜಠರ ಕಾಣುತ್ತದೆ. ಬೊಜ್ಜು ಇರುವವರ ಲಿವರಿನಲ್ಲಿ ಕೊಬ್ಬು ತುಂಬಿರುತ್ತದೆ. ದಪ್ಪಗಿರುತ್ತದೆ, ಎತ್ತಿದರೆ ಹರಿದು ರಕ್ತ ಬರಬಹುದು. ಕೆಲವೊಮ್ಮೆ ಆಪರೇಷನ್ ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ, ಇಲ್ಲವೇ ಹೊಟ್ಟೆಯನ್ನು ಉದ್ದಕ್ಕೆ ತೆರೆಯಬೇಕಾಗುತ್ತದೆ. ಅನ್ನ, ರೊಟ್ಟಿ, ಸಿಹಿ ನಿಂತಾಗ ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚು ಮಾಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ, ಅದೂ ಹೋಗುತ್ತದೆ. ಹಿಂದೆಯೇ ಕೊಬ್ಬೂ ಕರಗುತ್ತದೆ. ಆಸ್ಟ್ರೇಲಿಯಾದಲ್ಲಿ ಹನ್ನೆರಡು ವಾರ ಇಂಥ ಪಥ್ಯ ಮಾಡಿದವರನ್ನು ಸ್ಕ್ಯಾನ್ ಮಾಡಿ ನೋಡಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಲಿವರ್ ಕುಗ್ಗಿದ್ದರಲ್ಲಿ ಶೇಕಡಾ 80ರಷ್ಟು ಮೊದಲ ಎರಡು ವಾರದಲ್ಲೇ ಆಗಿತ್ತು. ಹದಿನಾಲ್ಕು ದಿನ ಎಂಬ ಲೆಕ್ಕಕ್ಕೆ ಆಧಾರ ಇಲ್ಲಿದೆ.

ಅಕ್ಕ ಇದನ್ನು ಅತ್ತೆಗೆ ತನ್ನ ರೀತಿಯಲ್ಲಿ ಹೇಳುತ್ತಾಳೆ: "ನೆನದ ಚೀಲ ಎತ್ತಾಕ ಆಗತೈತೇನತ್ತಿ? ಒಣಗಿಸಿ ಕೊಟ್ರ ಹಮಾಲ ಸರಾಗ ಎತ್ತತಾನು. ಹಂಗ ಇದೂ." ಮೆಣಸಿನಕಾಯಿ ತೊಟ್ಟು ಬಿಡಿಸಿ ಸಂಸಾರ ತೂಗಿಸಿದ ಅತ್ತೆಗೆ ಈ ಮಾತು ತಾಗುತ್ತದೆ. ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚುತ್ತಾರೆ.

ಮೊದಲ ಮೂರು ದಿನ ಕಷ್ಟ. ಮಧ್ಯಾಹ್ನವಾದರೆ ತಲೆಶೂಲೆ, ಸುಮ್ಮನೆ ಸಿಟ್ಟು, ಕಾಲಲ್ಲಿ ಬಲವಿಲ್ಲ, ಬಾಯಿ ವಾಸನೆ, ಮಲಬದ್ಧತೆ. ನೀರು ಕುಡಿದಷ್ಟೂ ತಲೆನೋವು ಇಳಿಯುತ್ತದೆ. ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಲು ಹೇಳಿದ್ದಾರೆ. ಇದಕ್ಕಿಂತ ಕಷ್ಟದ್ದು ಎಲೆಯಡಿಕೆ ಸಂಚಿ. ಅಕ್ಕನ ಸೊಂಟದಲ್ಲಿ ಇಪ್ಪತ್ತು ವರ್ಷ ಸಿಕ್ಕಿಸಿಕೊಂಡಿದ್ದ ಆ ಸಂಚಿಯಲ್ಲಿ ತಂಬಾಕೂ ಇರುತ್ತಿತ್ತು. ಕನಿಷ್ಠ ಆರು ವಾರ ಮೊದಲೇ ಬಿಡಬೇಕು ಎಂದಿದ್ದರು, ಬಿಟ್ಟಿದ್ದಾಳೆ. ತಂಬಾಕು ರಕ್ತನಾಳ ಕುಗ್ಗಿಸುತ್ತದೆ. ಜಠರಕ್ಕೆ ಹಾಕಿದ ಹೊಲಿಗೆ ಕೂಡುವುದು ತಡವಾಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಈಗ ಸಂಚಿಯಲ್ಲಿರುವುದು ಸೋಂಪು ಮಾತ್ರ.

ವಾರದ ಕೊನೆಗೆ ಹಾವೇರಿ. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದ ಬಸ್ಸು ನಮ್ಮನ್ನು ಬೆಳಿಗ್ಗೆಯೇ ಇಳಿಸುತ್ತದೆ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡುತ್ತಾಳೆ. ಮೂರು ತಿಂಗಳ ಸಕ್ಕರೆಯ ಸರಾಸರಿ, ಥೈರಾಯ್ಡ್, ಕಬ್ಬಿಣಾಂಶ, ಬಿ12, ವಿಟಮಿನ್ ಡಿ, ಲಿವರ್, ಕಿಡ್ನಿ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಆಪರೇಷನ್ ಆದಮೇಲೆ ದೇಹ ಅದನ್ನು ಹೀರಿಕೊಳ್ಳುವುದು ಇನ್ನೂ ಕಡಿಮೆಯಾಗುತ್ತದೆ. ಆದ್ದರಿಂದ ಕೊರತೆಯನ್ನು ಮೊದಲೇ ತುಂಬಿಸಬೇಕು, ಆಮೇಲೆ ಜೀವನಪೂರ್ತಿ ಮಾತ್ರೆ ತಪ್ಪಿಸಬಾರದು. ಎಂಡೋಸ್ಕೋಪಿ, ಎದೆಯ ಎಕೋ, ನಿದ್ದೆಯ ಪರೀಕ್ಷೆ, ಮನೋವೈದ್ಯರ ಭೇಟಿ ಹುಬ್ಬಳ್ಳಿಯಲ್ಲೇ ಮುಗಿದಿವೆ.

ಬಸ್ ನಿಲ್ದಾಣದ ಹತ್ತಿರ ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿದೆ. ಕಾಗದದ ಮೇಲೆ ಮಂಡಕ್ಕಿ, ಹಸಿ ಉಳ್ಳಾಗಡ್ಡಿ. ಅಕ್ಕ ಒಂದು ಗಳಿಗೆ ನಿಂತು ವಾಸನೆ ಎಳೆದುಕೊಳ್ಳುತ್ತಾಳೆ, ಬಾಟಲಿಯ ನೀರು ಕುಡಿಯುತ್ತಾಳೆ, ಮುಂದೆ ನಡೆಯುತ್ತಾಳೆ. ಝೆರಾಕ್ಸ್ ಅಂಗಡಿಯಲ್ಲಿ ವಿಮೆಯ ಕಾಗದ. ಬೊಜ್ಜಿನ ಆಪರೇಷನ್ನಿಗೆ ವಿಮೆ ಸಿಗುವುದಿಲ್ಲ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಸಿಗಬಹುದು, ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ವಯಸ್ಸು 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35 ಇದ್ದರೆ ಹತೋಟಿಗೆ ಬಾರದ ಸಕ್ಕರೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೀವ್ರ ತೊಂದರೆ ಇದ್ದು, ಬೇರೆ ಉಪಾಯ ಫಲಿಸದೆ ಇರಬೇಕು. ಕಾಯುವ ಅವಧಿ ಪಾಲಿಸಿಗೊಂದು ರೀತಿ. ಕಾಗದ ಓದದೆ ಯಾರೂ ಹೊಲ ಅಡವಿಡಬಾರದು.

ಮರುದಿನ ರಾಣೆಬೆನ್ನೂರು. ಚಿಗವ್ವನ ಮಗಳ ಕುಬಸ. ಬೀಜದ ಅಂಗಡಿಗಳ ಬೀದಿ ದಾಟಿ ಮನೆ ತಲುಪುವಷ್ಟರಲ್ಲಿ ಹೋಳಿಗೆಯ ಘಮ ಬಾಗಿಲಿಗೆ ಬಂದಿದೆ. ತವರಿನ ಹೆಂಗಸರೆಲ್ಲ ಅಕ್ಕನನ್ನು ಸುತ್ತುವರಿಯುತ್ತಾರೆ.

"ಕೊಬ್ಬ ಹೀರಿ ತಗಿಯೋದ ಅಲ್ಲೇನಬೇ ಅದು? ಟಿವ್ಯಾಗ ನಟಿ ಸತ್ತದ್ದು ತೋರ್ಸಿದ್ರಲ್ಲ!"

ಅವರು ಹೇಳುತ್ತಿರುವುದು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ. ಅದು ಅಂದಕ್ಕಾಗಿ ಮಾಡುವ ಚಿಕಿತ್ಸೆ, ಚರ್ಮದಡಿಯ ಕೊಬ್ಬಿಗೆ ಸಂಬಂಧಿಸಿದ್ದು. ಇದು ಕಾಯಿಲೆಗೆ ಮಾಡುವ ಆಪರೇಷನ್, ಜಠರಕ್ಕೆ ಸಂಬಂಧಿಸಿದ್ದು. ಇದರಲ್ಲೂ ಅಪಾಯವಿದೆ: ಹೊಲಿಗೆ ಸೋರುವುದು, ರಕ್ತಸ್ರಾವ, ಹೆಪ್ಪು. ಆ ಅಪಾಯ ತಗ್ಗಿಸಲೆಂದೇ ಇಷ್ಟೆಲ್ಲ ತಯಾರಿ. ಅಕ್ಕ ತಾಳ್ಮೆಯಿಂದ ಬಿಡಿಸಿ ಹೇಳುತ್ತಾಳೆ.

ಪಂಕ್ತಿ ತಡವಾಗುತ್ತದೆ. ಎಲ್ಲರ ಜೊತೆ ಕೂರೋಣ ಎಂದು ಅಕ್ಕನೂ ತನ್ನ ಡಬ್ಬಿ ಬಿಚ್ಚದೆ ಕಾಯುತ್ತಾಳೆ. ಒಮ್ಮೆಲೆ ಅವಳ ಹಣೆಯ ಮೇಲೆ ಬೆವರು. ಕುಂಕುಮ ಹಚ್ಚಲು ಎತ್ತಿದ ಕೈ ನಡುಗುತ್ತದೆ. ಚೀಲದಿಂದ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚುತ್ತೇನೆ. 64. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಹೀಗೆ ಕುಸಿಯುತ್ತದೆ. ಪಥ್ಯ ಶುರುವಾದ ದಿನವೇ ಡಾಕ್ಟರ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು, ಈಗ ಅರ್ಧವೂ ಹೆಚ್ಚಾಗಿದೆ. ಮೂರು ಚಮಚೆ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕಲಸಿ ಕುಡಿಸುತ್ತೇವೆ. ಹೋಳಿಗೆ ಹಿಡಿದು ಬಂದ ಚಿಗವ್ವನನ್ನು ಅಕ್ಕ ಕೈಸನ್ನೆಯಲ್ಲೇ ತಡೆಯುತ್ತಾಳೆ. ಹೋಳಿಗೆಯ ತುಪ್ಪ ಸಕ್ಕರೆ ಏರುವುದನ್ನು ತಡಮಾಡುತ್ತದೆ, ಈಗ ಬೇಕಾದ್ದು ಬೇಗ ಏರುವ ಗ್ಲೂಕೋಸ್. ಹದಿನೈದು ನಿಮಿಷದ ಮೇಲೆ ಮತ್ತೆ ಚುಚ್ಚಿದರೆ 93. ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಆ ಒಂದು ಮಾತ್ರೆ ಪೂರ್ತಿ ನಿಲ್ಲಿಸಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದಿಡಿ ಎಂಬ ಸೂಚನೆ ಬರುತ್ತದೆ. ಅಕ್ಕ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಾಳೆ. ಚಿಗವ್ವ ಹೋಳಿಗೆ ತಟ್ಟೆಯನ್ನು ಒಳಗಿಟ್ಟು, ತಾನೇ ಸೌತೆಕಾಯಿ ಹೆಚ್ಚಿ ತಂದು ಬಡಿಸುತ್ತಾಳೆ.

ಎರಡನೇ ವಾರ ಬ್ಯಾಡಗಿಯ ಮನೆ ಬೇರೆ ಮನೆಯಾಗಿದೆ. ಅಕ್ಕ ಊಟದ ಚಮಚೆ ಬಿಟ್ಟು ಚಹಾ ಚಮಚೆ ಹಿಡಿದಿದ್ದಾಳೆ. ಒಂದು ತುತ್ತನ್ನು ಇಪ್ಪತ್ತು, ಮೂವತ್ತು ಸಲ ಅಗಿಯುತ್ತಾಳೆ. ಊಟದ ಜೊತೆ ನೀರಿಲ್ಲ. ಊಟಕ್ಕೂ ನೀರಿಗೂ ಅರ್ಧ ತಾಸಿನ ಅಂತರ. ಮುಂದೆ ಕೆಲವು ವಾರ ತಿಳಿ ನೀರು, ಗಂಜಿಯಂಥದ್ದು, ನುಣ್ಣಗೆ ಅರೆದದ್ದು, ಮೆತ್ತಗಿನದು ಎಂದು ಮೆಟ್ಟಿಲು ಮೆಟ್ಟಿಲಾಗಿ ಆಹಾರ ಏರಬೇಕು. ಆ ಅಭ್ಯಾಸ ಈಗಲೇ ಮೈಗೂಡಬೇಕು. ರಾತ್ರಿ ಮಲಗುವ ಮುನ್ನ ಮೂರು ಗುಂಡಿನ ಪ್ಲಾಸ್ಟಿಕ್ ಉಪಕರಣ ಬಾಯಿಗಿಟ್ಟು ಉಸಿರು ಒಳಗೆಳೆಯುತ್ತಾಳೆ. ಮೊದಮೊದಲು ಒಂದೇ ಗುಂಡು ಏಳುತ್ತಿತ್ತು, ಈಗ ಎರಡು ಮೇಲೆದ್ದು ನಿಲ್ಲುತ್ತವೆ. ಅರಿವಳಿಕೆಯ ನಂತರ ಪುಪ್ಪಸದಲ್ಲಿ ಕಫ ಕಟ್ಟದಿರಲು ಈ ವ್ಯಾಯಾಮ. ಭಾವ ರಾತ್ರಿ ತರುತ್ತಿದ್ದ ಮಿರ್ಚಿಯ ಪೊಟ್ಟಣ ನಿಂತಿದೆ. ಅತ್ತೆ ಎಲ್ಲರ ಪಲ್ಯಕ್ಕೂ ಎಣ್ಣೆ ಇಳಿಸಿದ್ದಾರೆ. ಹುಬ್ಬಳ್ಳಿಗೆ ಹೊರಡುವ ಮುನ್ನ ತೂಕ ನೋಡಿದರೆ 98. ಮೊಣಕಾಲು ಹಿಡಿಯದೆ ಅಕ್ಕ ಬಸ್ಸಿನ ಮೆಟ್ಟಿಲು ಹತ್ತುತ್ತಾಳೆ.

ಆಪರೇಷನ್ ಮಾಡುವುದು ಸರ್ಜನ್. ಅದಕ್ಕೆ ದಾರಿ ಮಾಡಿಕೊಡುವುದು ರೋಗಿ ಮತ್ತು ಅವಳ ಮನೆ. ಹಸಿವನ್ನು ಒಬ್ಬಳ ಮೇಲೆ ಹೊರಿಸಿ ಉಳಿದವರು ಎದುರಿಗೆ ಕೂತು ಉಂಡರೆ ಈ ಪಥ್ಯ ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ಹಾದಿಯಲ್ಲಿದ್ದರೆ ಮೂರು ಮಾತು ನೆನಪಿಡಿ. ಡಾಕ್ಟರ್ ಹೇಳದೆ ಇಂಥ ಪಥ್ಯ ಶುರು ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಪಥ್ಯದ ಮೊದಲ ದಿನವೇ ಮಾತ್ರೆಯ ಪ್ರಮಾಣ ಕೇಳಿ ತಿಳಿದುಕೊಳ್ಳಿ. ಮತ್ತು ಪ್ರೀತಿಗಾಗಿಯಾದರೂ ಸರಿ, "ಒಂದ ರೊಟ್ಟಿ ಹಾಕ್ಕೋ" ಎನ್ನಬೇಡಿ.