ಮಾರದೆ ಉಳಿದ ಹೋತ

ಹಿಂದೆ ನಮ್ಮ ಮಠದಲ್ಲಿದ್ದು ಓದಿದವರೊಬ್ಬರು ಈಗ ಬಂಟ್ವಾಳ ಸೀಮೆಯ ಸಿದ್ಧಕಟ್ಟೆಯಲ್ಲಿ ಆಡು ಸಾಕುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ಮನೆಗೆ ದಯಮಾಡಿಸಬೇಕೆಂದು ಕೋರಿದಾಗ ಹೋಗಿದ್ದೆವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲವದು. ಗೊರಸು ಒಣಗಿರಲೆಂದು ಕೊಟ್ಟಿಗೆಯನ್ನು ಎತ್ತರದ ಹಲಗೆಗಳ ಮೇಲೆ ಕಟ್ಟಿದ್ದರು. ಸಂದಿನಿಂದ ಉದುರಿದ ಹಿಕ್ಕೆ ಅಡಿಕೆ ತೋಟಕ್ಕೆ ಗೊಬ್ಬರ.

"ಚೆಲುವಾದ ಗಂಡುಮರಿಗೇ ಮೊದಲು ಬೆಲೆ ಬರುತ್ತಿತ್ತು, ಬುದ್ಧೀ. ಅದನ್ನು ಮಾರಿ ಬಡಕಲನ್ನು ಬೀಜಕ್ಕೆ ಉಳಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಹಿಂಡು ಸೊರಗಿತು" ಎಂದರು. ಒಂದು ಹೋತ ಇಪ್ಪತ್ತೈದು ಆಡುಗಳಿಗೆ ಸಾಕು. ಅದರ ಗುಣದೋಷಗಳೆರಡೂ ಹಿಂಡಿಗೆಲ್ಲ ಹರಡುತ್ತವೆ. ಈಗ ಅವರು ಮರಿಗಳ ಹುಟ್ಟು, ತೂಕಗಳನ್ನು ಬರೆದಿಡುತ್ತಾರೆ. ತಂದೆಯೊಡನೆ ಮಗಳು ಕೂಡದಂತೆ ಎರಡು ವರ್ಷಕ್ಕೊಮ್ಮೆ ಹೋತವನ್ನು ಬದಲಿಸುತ್ತಾರೆ.

ನಮ್ಮ ನಾಡಿನ ನಂದಿದುರ್ಗ, ಬಿದ್ರಿ ಆಡುಗಳು ರಾಷ್ಟ್ರೀಯ ತಳಿಪಟ್ಟಿಗೆ ಸೇರಿವೆ. ಆದರೆ ಪಟ್ಟಿಯೊಂದರಿಂದಲೇ ತಳಿ ಉಳಿಯದು. ಸಾಕುವವನ ಬಾಳು ಸಾಗಿದರೆ ಮಾತ್ರ ಉಳಿದೀತು.

ಮಾಂಸಕ್ಕೆ ಹೋಗುವ ಪ್ರಾಣಿಯ ವಿಚಾರ ಸ್ವಾಮಿಗಳಿಗೇಕೆ ಎಂದು ಭಕ್ತರು ಕೇಳಿಯಾರು. ಆ ಪ್ರಶ್ನೆ ನಮ್ಮನ್ನೂ ಕಾಡಿತು, ಇಂದಿಗೂ ಕಾಡುತ್ತಿದೆ. ಆದರೆ ಮಗಳ ಓದು ಈ ಹಿಂಡಿನಿಂದಲೇ ನಡೆದಿದೆಯೆಂದು ಆ ತಾಯಿ ಹೇಳಿದಾಗ ಉಪದೇಶಕ್ಕೆ ನಮ್ಮ ನಾಲಗೆ ಏಳಲಿಲ್ಲ.

ನಾವಿದ್ದಾಗಲೇ ವ್ಯಾಪಾರಿಯೊಬ್ಬ ಬಂದು ಬೀಜದ ಹೋತಕ್ಕೆ ದುಪ್ಪಟ್ಟು ಬೆಲೆ ಹೇಳಿದ. ಅವರು ಕೊಡಲಿಲ್ಲ. ಸಂಯಮದ ಮೇಲೆ ನಾವು ಎಷ್ಟೋ ಪ್ರವಚನ ಮಾಡಿದ್ದೇವೆ. ಅದನ್ನು ಕಣ್ಣಾರೆ ಕಂಡದ್ದು ಆ ಕೊಟ್ಟಿಗೆಯ ಬಾಗಿಲಲ್ಲಿ.